ಸೌರಕೋಶ ತಯಾರಿಕೆಗೆ ಮೈಕ್ರೋವೇವ್ ಕುಲುಮೆ: ಬಳಸಿ ನೋಡಿದ ಮೇಲೆ

ಸೌರಕೋಶಕ್ಕೆ ಬಳಸುವ ತೆಳು ಸಿಲಿಕಾನ್ ಹಾಳೆಗಳಾದ ವೇಫರ್‌ಗಳ ಮೇಲ್ಪದರಕ್ಕೆ ರಂಜಕವನ್ನು ಸೇರಿಸಲು ನಾನು ಈವರೆಗೆ ಬಳಸುತ್ತಿದ್ದ ಕೊಳವೆ ಕುಲುಮೆಯಲ್ಲಿ, ಗೋಡೆ, ಕೊಳವೆ, ಅನಿಲ ಎಲ್ಲವೂ 800ರಿಂದ 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಬೇಕಿತ್ತು. 2.45 ಗಿಗಾಹರ್ಟ್ಸ್‌ನ ಈ ಮೈಕ್ರೋವೇವ್ ಕುಲುಮೆಯಲ್ಲಿ ಕ್ವಾರ್ಟ್ಜ್ ಕೊಳವೆಯು ಅಲೆಗಳನ್ನು ಬಹುಪಾಲು ಹಾಗೆಯೇ ಹಾದುಹೋಗಲು ಬಿಡುವುದರಿಂದ, ಶಾಖ ಸಿಲಿಕಾನಿನೊಳಗೇ ಹುಟ್ಟುತ್ತದೆ. ಈ ಗುಣ ನನಗೆ ಬಹಳ ಹಿಡಿಸಿತು.

ಆದರೆ ತಣ್ಣಗಿರುವ, ರಂಜಕದಂಥ ಬೆರಕೆ ಕಡಿಮೆಯಿರುವ ಸಿಲಿಕಾನ್ ಅಲೆಗಳನ್ನು ಅಷ್ಟಾಗಿ ಹೀರುವುದಿಲ್ಲ. ಹೀಗಾಗಿ ಮೊದಲು ತಾನೇ ಬೇಗ ಬಿಸಿಯಾಗುವ ಸಿಲಿಕಾನ್ ಕಾರ್ಬೈಡ್ ತಟ್ಟೆಯನ್ನು ಕೆಳಗಿಡಬೇಕಾಗುತ್ತದೆ. ಬಿಸಿಯೇರಿದಂತೆ ವಿದ್ಯುತ್ ವಾಹಕತೆ ಹೆಚ್ಚಿ, ಅದರೊಂದಿಗೆ ಹೀರಿಕೆಯೂ ಹೆಚ್ಚುವುದರಿಂದ, ಮೊದಲೇ ಕಾದ ಜಾಗ ಮತ್ತಷ್ಟು ಕಾಯುತ್ತಾ ಹೋಗುತ್ತದೆ. ಒಮ್ಮೆ ವೇಫರ್‌ನ ಒಂದು ಮೂಲೆ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಎದುರಿನ ಮೂಲೆ ಇನ್ನೂ ಕಪ್ಪಾಗಿಯೇ ಇತ್ತು. ನೋಡುತ್ತಿದ್ದಂತೆ ಅದು ಅಡ್ಡಲಾಗಿ ಸೀಳಿತು. ಶಕ್ತಿಯನ್ನು ಮೆಲ್ಲಗೆ ಏರಿಸಿ, ತಟ್ಟೆಯನ್ನು ತಿರುಗಿಸುತ್ತಿದ್ದರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಇದನ್ನು ಕೈಪಿಡಿಯಲ್ಲಿ ಹೇಳದಿರುವುದು ತಯಾರಕರ ದೊಡ್ಡ ಲೋಪ.

ತಾಪಮಾನ ಅಳೆಯುವುದೂ ಸುಲಭವಲ್ಲ. ಮುಟ್ಟಿಸಿ ತಾಪಮಾನ ಅಳೆಯುವ ಲೋಹದ ತಂತಿಗಳ ಥರ್ಮೋಕಪಲ್ ಅಲೆಗಳ ಹಂಚಿಕೆಯನ್ನೇ ಕದಡುತ್ತದೆ. ದೂರದಿಂದ ಅಳೆಯುವ ಪೈರೋಮೀಟರನ್ನು ಬಳಸೋಣವೆಂದರೆ, ಸಿಲಿಕಾನಿನ ವಿಕಿರಣ ಸೂಸುವ ಗುಣ ತಾಪಮಾನದೊಂದಿಗೆ ಬದಲಾಗುವುದರಿಂದ ಅದನ್ನು ಎಚ್ಚರದಿಂದ ಹೊಂದಿಸಿಕೊಳ್ಳಬೇಕು. ಬೆಳ್ಳಿಯ ಗೆರೆಗಳನ್ನು ಮುದ್ರಿಸಿದ ಕೋಶಗಳನ್ನಂತೂ ಇದರಲ್ಲಿ ಇಡಬಾರದು, ಲೋಹದ ತುದಿಗಳಲ್ಲಿ ಕಿಡಿ ಹಾರುವ ಅಪಾಯವಿದೆ.

ಒಂದೊಂದೇ ವೇಫರ್ ಇಟ್ಟು ಪ್ರಯೋಗ ನಡೆಸುವವರಿಗೆ ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ; ಒಂದೇ ಸಲ ನೂರಾರು ವೇಫರ್‌ಗಳನ್ನು ಕಾಯಿಸಬೇಕಾದ ಕಾರ್ಖಾನೆಗೆ ಕೊಳವೆ ಕುಲುಮೆಯೇ ಸರಿ.