ತಂಪು ಕನ್ನಡಕ: ಕಾರವಾರದ ಕಡಲಿಗೆ ಯಾವುದು, ಕೇದಾರಕಂಠದ ಹಿಮಕ್ಕೆ ಯಾವುದು?

ಕಾರವಾರದಲ್ಲಿ ದೋಣಿ ಹತ್ತುವವರಿಗೆ, ಟಾಗೋರ್ ಕಡಲತೀರದಲ್ಲಿ ಅಡ್ಡಾಡುವವರಿಗೆ ಪೋಲರೈಸ್ಡ್ ಗಾಜೇ ಹಿತ. ನೀರಿನ ಮೇಲಿನ ಕಣ್ಣು ಕೋರೈಸುವ ಹೊಳಪು ತಗ್ಗಿ ಬಲೆಯ ಬೆಂಡು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಪೋಲರೈಸ್ಡ್ ಅಂದಮಾತ್ರಕ್ಕೆ ನೇರಳಾತೀತ ಕಿರಣ ತಡೆಯುತ್ತದೆ ಅಂತಲ್ಲ. ಆ ಕಿರಣ ತಡೆಯುತ್ತದೆ ಅನ್ನುವ ಗುರುತಾದ ‘ಯುವಿ 400’ ಇರುವುದನ್ನೇ ಕೇಳಿ ತಗೊಳ್ಳಿ. ರಸ್ತೆ ಬದಿ ನೇತುಹಾಕಿದ ಕಡುಗಪ್ಪು ಕನ್ನಡಕಕ್ಕೆ ಆ ತಡೆ ಇಲ್ಲದಿದ್ದರೆ ಅಪಾಯವೇ ಹೆಚ್ಚು: ಮಬ್ಬಿಗೆ ಪಾಪೆ ಅರಳುತ್ತದೆ, ಕಿರಣ ಸಲೀಸಾಗಿ ಒಳನುಗ್ಗುತ್ತದೆ.

ಉತ್ತರಾಖಂಡದ ಚಾರಣದ ಶಿಖರ ಕೇದಾರಕಂಠದಂಥ ಕಡೆ ಹಿಮದ ಲೆಕ್ಕವೇ ಬೇರೆ. ನೇರಳಾತೀತ ಕಿರಣವನ್ನು ಒಣ ಮರಳು ಸುಮಾರು ಶೇ. 15, ಕಡಲ ನೊರೆ ಶೇ. 25ರಷ್ಟು ಪ್ರತಿಫಲಿಸಿದರೆ, ಹೊಸ ಹಿಮ ಶೇ. 80ರವರೆಗೂ ಪ್ರತಿಫಲಿಸುತ್ತದೆ. ಸಾವಿರ ಮೀಟರ್ ಏರಿದಂತೆಲ್ಲ ಕಿರಣದ ತೀವ್ರತೆ ಶೇ. 10ರಷ್ಟು ಹೆಚ್ಚುತ್ತದೆ. ಕೆಳಗಿಂದಲೂ ಪಕ್ಕದಿಂದಲೂ ಬೆಳಕು ಬರುವುದರಿಂದ ಟೋಪಿ ಅಲ್ಲಿ ಅಷ್ಟಕ್ಕಷ್ಟೆ. ಪಕ್ಕ ಮುಚ್ಚುವ ಚೌಕಟ್ಟೇ ಬೇಕು. ಹಿಮಗುರುಡು, ಅಂದರೆ ಈ ಕಿರಣಕ್ಕೆ ಕಣ್ಣಿನ ಮೇಲ್ಪದರ ಸುಟ್ಟಂತಾಗುವುದು, ಕೂಡಲೇ ಗೊತ್ತಾಗುವುದೂ ಇಲ್ಲ. ಹಗಲೆಲ್ಲ ಆರಾಮಾಗಿ ನಡೆದವರಿಗೆ ರಾತ್ರಿ ಟೆಂಟಿನಲ್ಲಿ ಕಣ್ಣೊಳಗೆ ಮರಳು ಬಿದ್ದ ಹಾಗೆ ಚುಚ್ಚಿ, ನೀರು ಸುರಿಯುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ, ಉಜ್ಜಬಾರದು ಅಷ್ಟೆ.

ಹಿಮನದಿಗೆ ಹೋಗುವವರ ಕೆಟಗರಿ 4 ಗಾಜು (ಕಪ್ಪಿನ ಶ್ರೇಣಿಯಲ್ಲಿ ಎಲ್ಲಕ್ಕಿಂತ ಕಡು) ಶೇ. 3ರಿಂದ 8ರಷ್ಟು ಬೆಳಕನ್ನಷ್ಟೇ ಬಿಡುತ್ತದೆ. ಅದನ್ನು ಹಾಕಿಕೊಂಡು ಅಂಕೋಲೆಗೆ ಬೈಕ್ ಓಡಿಸುವ ಹಾಗಿಲ್ಲ. ಒಂದೇ ಕನ್ನಡಕದಲ್ಲಿ ಎರಡೂ ಕಡೆ ಸುಧಾರಿಸಬೇಕೆಂದರೆ ನನ್ನ ಓಟು ಯುವಿ 400 ಇರುವ, ಕಣ್ಣನ್ನು ಸುತ್ತುವರಿಯುವ ಕೆಟಗರಿ 3ಕ್ಕೆ.