ಸರೋವರದಾಚೆಯ ಶಿಕಾಗೊ ನಮ್ಮ ಟಿವಿಯಲ್ಲಿ: ಎಂಟು ಬೋ-ಟೈ ಆಂಟೆನಾ, ಐದು ವರ್ಷದ ಬಳಕೆ

ನಾವಿರುವುದು ಮಿಷಿಗನ್ ರಾಜ್ಯದ ಸೇಂಟ್ ಜೋಸೆಫ್ ಎಂಬ ಸಣ್ಣ ಊರಿನಲ್ಲಿ, ಮಿಷಿಗನ್ ಸರೋವರದ ಪೂರ್ವ ದಡದಲ್ಲಿ. ಶಿಕಾಗೊ ಆಚೆ ದಡ. ನೀರಿನ ಮೇಲೆ ಗೆರೆ ಎಳೆದರೆ ಸುಮಾರು 100 ಕಿ.ಮೀ. ಕಾರಿನಲ್ಲಿ ಹೋದರೆ ಸರೋವರದ ಬುಡ ಸುತ್ತಿ 150 ಕಿ.ಮೀ. ಆಗುತ್ತದೆ. ನಮಗೆ ಲೆಕ್ಕಕ್ಕೆ ಸಿಗುವ ಸ್ಥಳೀಯ ಟಿವಿ ಇಂಡಿಯಾನಾದ ಸೌತ್ ಬೆಂಡ್‌ನದು. ಅದು 60 ಕಿ.ಮೀ. ಒಳಗೇ ಇದೆ, ದಕ್ಷಿಣಕ್ಕೆ. ಆದರೆ ನನಗೆ ಬೇಕಿದ್ದದ್ದು ಶಿಕಾಗೊ. 2020ರ ಆಗಸ್ಟ್‌ನಲ್ಲಿ ಕೇಬಲ್ ತೆಗೆಸಿ ಚಾವಣಿ ಮೇಲೆ ಆಂಟೆನಾ ಹಾಕಿಸಿದೆ. ಅಂದಿನಿಂದ ಇಂದಿನವರೆಗೆ ಅದೇ ಆಂಟೆನಾ.

ಕಂಪನಿ ಹೆಸರು ಇಲ್ಲಿ ಮುಖ್ಯವಲ್ಲ. ಈ ತರಹದ್ದನ್ನು ಹಲವರು ಮಾಡುತ್ತಾರೆ. ಎರಡು ಪಲಗೆ, ಒಂದೊಂದರಲ್ಲಿ ಬೋ-ಟೈ ಆಕಾರದ ನಾಲ್ಕು ತಂತಿ, ಹಿಂದೆ ಜಾಲರಿ. ಯುಎಚ್‌ಎಫ್‌ಗೆ, ಅಂದರೆ ಟಿವಿಯ 14ರಿಂದ ಮೇಲಿನ ಚಾನಲ್‌ಗಳಿಗೆ ಮಾತ್ರ. ಎರಡೂ ಪಲಗೆಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಬಹುದು. ಆಂಟೆನಾ, ಕಂಬ, ಪ್ರೀಆಂಪ್ (ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ), ಕೇಬಲ್ ಎಲ್ಲ ಸೇರಿ ನನಗೆ 400 ಡಾಲರ್ ಹತ್ತಿರ ಆಯಿತು. ಕೂಲಿ ಬೇರೆ.

ಕೊಳ್ಳುವ ಮುಂಚೆ ಗೊತ್ತಿರಬೇಕಾದ ಮೊದಲ ವಿಷಯ: ಡಬ್ಬಿಯ ಮೇಲೆ ಬರೆದ ಮೈಲಿಯನ್ನು ನಂಬಬೇಡಿ. '150 ಮೈಲಿ', '200 ಮೈಲಿ' ಎಂದು ಅಚ್ಚು ಹಾಕಿ 30 ಡಾಲರ್‌ಗೆ ಮಾರುತ್ತಾರೆ. ನಾನೂ ಮೊದಲು ಅಂಥದ್ದೊಂದು ತಂದು ಅಟ್ಟದಲ್ಲಿ ಇಟ್ಟಿದ್ದೆ. ಶಿಕಾಗೊದ ಒಂದೇ ಒಂದು ಸ್ಟೇಷನ್ ಬರಲಿಲ್ಲ.

ಯಾಕೆ ಅಂದರೆ ಭೂಮಿ ಗುಂಡಗಿದೆ. ಟಿವಿ ಅಲೆ ಬೆಳಕಿಗಿಂತ ಸ್ವಲ್ಪ ಜಾಸ್ತಿ ಬಾಗುತ್ತದೆ, ಆದರೆ ಬೆಟ್ಟ ಸುತ್ತಿ ಬರುವಷ್ಟಲ್ಲ. ಲೆಕ್ಕ ಸುಲಭ. ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಳ್ಳಿ, ವರ್ಗಮೂಲ ಹಾಕಿ, 4.12ರಿಂದ ಗುಣಿಸಿ. ಅಲೆಗೆ ದಿಗಂತ ಎಷ್ಟು ಕಿ.ಮೀ. ದೂರ ಎಂದು ಸಿಗುತ್ತದೆ. ಶಿಕಾಗೊದ ಮುಖ್ಯ ಸ್ಟೇಷನ್‌ಗಳು ವಿಲ್ಲಿಸ್ ಟವರ್ ಮೇಲಿವೆ. ಕಟ್ಟಡವೇ 442 ಮೀಟರ್, ಆಂಟೆನಾ ತುದಿ 527. ಸುಮಾರು 500 ಅಂತ ಇಟ್ಟುಕೊಂಡರೆ ದಿಗಂತ 92 ಕಿ.ಮೀ. ನಮ್ಮ ಮನೆ ದಿಬ್ಬದ ಮೇಲಿದೆ. ಚಾವಣಿ, ಕಂಬ ಸೇರಿ ನೀರಿಗಿಂತ 30 ಮೀಟರ್ ಮೇಲೆ. ಅದು 22 ಕಿ.ಮೀ. ಕೊಡುತ್ತದೆ. ಎರಡೂ ಕೂಡಿದರೆ 114. ನನಗೆ ಬೇಕಿದ್ದದ್ದು 100. ಇಷ್ಟೇ ಅಂಚಿನಲ್ಲಿ ನಮ್ಮ ಟಿವಿ ನಡೆಯುತ್ತಿದೆ.

ಈಗ ಅದೇ ಲೆಕ್ಕವನ್ನು 150 ಮೈಲಿಗೆ, ಅಂದರೆ 241 ಕಿ.ಮೀ.ಗೆ ಹಾಕಿ. ನನ್ನ ಚಾವಣಿಗೆ ತಲುಪಬೇಕಾದರೆ ಆ ಕಡೆಯ ಟವರ್ 2,800 ಮೀಟರ್ ಎತ್ತರ ಇರಬೇಕು. ನಮ್ಮ ಮುಳ್ಳಯ್ಯನಗಿರಿಯೇ 1,900 ಮೀಟರ್ ಚಿಲ್ಲರೆ. ಅಮೆರಿಕದ ಅತಿ ಎತ್ತರದ ಟಿವಿ ಟವರ್‌ಗಳು 600 ಮೀಟರ್ ಆಸುಪಾಸು. ಡಬ್ಬಿ ನೋಡಿ ದುಡ್ಡು ಕೊಡುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಸರಿ, ಏನು ಬರುತ್ತದೆ? ಶಿಕಾಗೊದ 5, 7, 9, 11, 32. ಇವೆಲ್ಲ ಯುಎಚ್‌ಎಫ್. ಪರದೆ ಮೇಲೆ ತೋರಿಸುವ ನಂಬರ್ ಹಳೆಯದು, ನಿಜವಾದ ಚಾನಲ್ ಬೇರೆ. ಉದಾಹರಣೆಗೆ 7 ಅಂತ ತೋರಿಸುವ ಡಬ್ಲ್ಯುಎಲ್‌ಎಸ್ ಬರುವುದು 22ರಲ್ಲಿ, 11 ಅಂತ ತೋರಿಸುವ ಡಬ್ಲ್ಯುಟಿಟಿಡಬ್ಲ್ಯು 25ರಲ್ಲಿ. ಸಿಬಿಎಸ್‌ನ 2 ಮಾತ್ರ ವಿಎಚ್‌ಎಫ್‌ನಲ್ಲಿ, ಅಂದರೆ 14ಕ್ಕಿಂತ ಕೆಳಗಿನ ಚಾನಲ್‌ಗಳಲ್ಲಿ, 12ರಲ್ಲಿದೆ. ಬೋ-ಟೈ ಆಂಟೆನಾಗೆ ಅದು ಸಿಗಲಿಲ್ಲ. ಮೂರು ತಿಂಗಳು ಅದರ ಹಿಂದೆ ಬಿದ್ದು ಕೊನೆಗೆ 'ಯಾಗಿ' ಎಂಬ, ಅಡ್ಡಕಡ್ಡಿಗಳ ಚಿಕ್ಕ ವಿಎಚ್‌ಎಫ್ ಆಂಟೆನಾ ಒಂದನ್ನು ಅದೇ ಕಂಬಕ್ಕೆ ಕೆಳಗೆ ಕಟ್ಟಿದೆ. ಎರಡನ್ನೂ ಸೇರಿಸಲು ಯುಎಚ್‌ಎಫ್-ವಿಎಚ್‌ಎಫ್ ಜಾಯಿನರ್ ಸಿಗುತ್ತದೆ. ಸಿಗ್ನಲ್ ಹಂಚುವ ಸಾಮಾನ್ಯ ಸ್ಪ್ಲಿಟರ್ ಉಲ್ಟಾ ಹಾಕಬೇಡಿ. ಸಿಗ್ನಲ್ ಸುಮ್ನೆ ಹಾಳಾಗುತ್ತದೆ.

ಎರಡು ಪಲಗೆಯ ವಿಷಯ. ಒಂದನ್ನು ಶಿಕಾಗೊಗೆ, ಇನ್ನೊಂದನ್ನು ಸೌತ್ ಬೆಂಡ್‌ಗೆ ತಿರುಗಿಸಬಹುದು ಎಂದುಕೊಂಡೇ ಇದನ್ನು ಕೊಂಡಿದ್ದು. ಹಾಗೆ ಮಾಡಿದರೆ ಎರಡೂ ಬಂದವು, ಆದರೆ ಶಿಕಾಗೊ ಮಳೆ ಬಂದ ದಿನ ಚೂರುಚೂರಾಗುತ್ತಿತ್ತು. ಪಲಗೆ ಬೇರೆ ಮಾಡಿದ ತಕ್ಷಣ ಒಂದೊಂದು ದಿಕ್ಕಿಗೆ ಅರ್ಧ ಆಂಟೆನಾ ಮಾತ್ರ ಉಳಿಯುತ್ತದಲ್ವಾ. ಈಗ ಎರಡೂ ಪಲಗೆ ಪಶ್ಚಿಮಕ್ಕೆ, ಸ್ವಲ್ಪ ನೈಋತ್ಯಕ್ಕೆ ಓರೆ. ಸೌತ್ ಬೆಂಡ್‌ನ 16 ಮತ್ತು 22 ಪಕ್ಕದಿಂದಲೇ ಬರುತ್ತವೆ. ಹತ್ತಿರದವಕ್ಕೆ ಅಷ್ಟು ಸಾಕು.

ತಿರುಗಿಸುವ ಕೆಲಸದ ಬಗ್ಗೆ ಒಂದು ಮಾತು. ಮಲೆನಾಡಿನ ನಮ್ಮ ಮನೆಯಲ್ಲಿ ದೂರದರ್ಶನದ ಕಾಲದಲ್ಲಿ ಅಪ್ಪ ಮಾಡಿನ ಮೇಲೆ ಬಿದಿರು ಗಳ ಹಿಡಿದು ತಿರುಗಿಸುವುದು, ನಾನು ಜಗುಲಿಯಿಂದ 'ಬಂತು, ಬಂತು, ಹೋಯ್ತು' ಎಂದು ಕೂಗುವುದು. ಆಗ ಚುಕ್ಕಿ ಕಡಿಮೆಯಾಗುವುದು ಕಣ್ಣಿಗೆ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಹಾಗೆ ಆಗುವುದಿಲ್ಲ. ಗದ್ದಲಕ್ಕಿಂತ, ಅಂದರೆ ಬೇಡದ ಅಲೆಗಳಿಗಿಂತ, ಸಿಗ್ನಲ್ 15 ಡೆಸಿಬಲ್ (ಡಿಬಿ) ಮೇಲಿದ್ದರೆ ಚಿತ್ರ ಅಪ್ಪಟ. ಅದರಿಂದ ಸ್ವಲ್ಪ ಇಳಿದರೆ ಏನೂ ಇಲ್ಲ. ಹಾಗಾಗಿ ಕೂಗಿ ತಿರುಗಿಸುವುದು ನಡೆಯುವುದಿಲ್ಲ, ಮೀಟರ್ ಬೇಕು. ನಾನು ಬಳಸುವುದು ಎಚ್‌ಡಿಹೋಮ್‌ರನ್ ಎಂಬ ಟ್ಯೂನರ್. ಸಿಗ್ನಲ್ ಬಲ, ಅದರ ಗುಣ ಎರಡನ್ನೂ ಬೇರೆ ಬೇರೆ ಫೋನ್‌ನಲ್ಲೇ ತೋರಿಸುತ್ತದೆ. ಏಣಿ ಮೇಲೆ ನಿಂತು ಒಂದೊಂದು ಡಿಗ್ರಿ ತಿರುಗಿಸಿ, ಹತ್ತು ಸೆಕೆಂಡ್ ಕಾದು ನೋಡಿದೆ. ನೋಡಬೇಕಾದ್ದು ಗುಣದ ಅಂಕಿ. ಬಲ 90 ಇದ್ದು ಗುಣ 40 ಇದ್ದರೆ ಚಿತ್ರ ನಿಲ್ಲುವುದಿಲ್ಲ. ಇನ್ನೊಂದು ಅನುಕೂಲ, ಇದು ಮನೆಯ ವೈಫೈ ಮೂಲಕವೇ ಎಲ್ಲ ಟಿವಿಗೂ ಕೊಡುತ್ತದೆ. ಕೋಣೆ ಕೋಣೆಗೂ ಕೇಬಲ್ ಎಳೆಯಬೇಕಿಲ್ಲ.

ಪ್ರೀಆಂಪ್ ಕಂಬದ ಮೇಲೇ ಇರಬೇಕು, ಆಂಟೆನಾಗೆ ಅಂಟಿಕೊಂಡ ಹಾಗೆ. ಮಾಮೂಲಿ ಆರ್‌ಜಿ-6 ಕೇಬಲ್ ನೂರು ಅಡಿಗೆ 5-6 ಡಿಬಿ ನುಂಗುತ್ತದೆ. ಕೆಳಗೆ ಟಿವಿ ಹಿಂದೆ ಆಂಪ್ ಇಟ್ಟರೆ ಕಳೆದುಹೋದದ್ದು ವಾಪಸ್ ಬರುವುದಿಲ್ಲ, ಗದ್ದಲವೂ ಜೊತೆಗೆ ದೊಡ್ಡದಾಗುತ್ತದೆ. ಫೋನ್ ಟವರ್ ಹತ್ತಿರ ಇದ್ದರೆ ಫೋನ್ ಅಲೆ ತಡೆಯುವ ಎಲ್‌ಟಿಇ ಫಿಲ್ಟರ್ ಇರುವ ಆಂಪ್ ತೆಗೆದುಕೊಳ್ಳಿ. ಟಿವಿ ಚಾನಲ್ 36 ಮುಗಿಯುವುದು 608 ಮೆಗಾಹರ್ಟ್ಸ್‌ಗೆ, ಫೋನ್ ಅಲೆ ಶುರುವಾಗುವುದು 617ಕ್ಕೆ. ನಡುವೆ ಇರುವ ಜಾಗ ಬಹಳ ಕಡಿಮೆ.

ಈ ಐದು ವರ್ಷದಲ್ಲಿ ನಾನು ಕಲಿತ ದೊಡ್ಡ ಪಾಠ ಆಂಟೆನಾದ್ದಲ್ಲ, ಸರೋವರದ್ದು.

ಮೇ, ಜೂನ್‌ನಲ್ಲಿ ಸರೋವರದ ನೀರು ಇನ್ನೂ ಕೊರೆಯುತ್ತಿರುತ್ತದೆ. ಮೇಲೆ ದಕ್ಷಿಣದಿಂದ ಬಿಸಿ ಗಾಳಿ ಬಂದು ಕೂರುತ್ತದೆ. ಕೆಳಗೆ ತಂಪು, ಮೇಲೆ ಬಿಸಿ. ಆ ಪದರದಡಿ ಅಲೆ ಸಿಕ್ಕಿಕೊಂಡು ನೀರಿನ ಗುಂಟ ಬಾಗಿ ಬರುತ್ತದೆ. ಆ ಸಂಜೆಗಳಲ್ಲಿ ಶಿಕಾಗೊ ಪಕ್ಕದ ಬೀದಿಯಲ್ಲೇ ಇದ್ದಂತೆ ಬರುತ್ತದೆ. ಅಷ್ಟೇ ಅಲ್ಲ, 155 ಕಿ.ಮೀ. ಆಚೆಯ ವಿಸ್ಕಾನ್ಸಿನ್‌ನ ಮಿಲ್ವಾಕಿ ನಗರದ 4, 6, 12 ಕೂಡ ಬರುತ್ತವೆ. ಅಲ್ಲಿಗೆ ನಾನು ಆಂಟೆನಾ ತಿರುಗಿಸಿಯೇ ಇಲ್ಲ. ಇದೇ ಪದರ ಬೆಳಕನ್ನೂ ಬಾಗಿಸುತ್ತದೆ. ನಮ್ಮ ಪಕ್ಕದ ಗ್ರ್ಯಾಂಡ್ ಮಿಯರ್ ದಡದಿಂದ ಶಿಕಾಗೊ ಕಟ್ಟಡಗಳ ಮರೀಚಿಕೆ ಕಂಡ ಫೋಟೊ 2015ರಲ್ಲಿ ಎಲ್ಲೆಡೆ ಓಡಾಡಿತ್ತು, ನೆನಪಿದೆಯಾ? ನಾನು ಒಂದು ಸಂಜೆ ದಡಕ್ಕೆ ಹೋಗಿ ನೀರಿನ ಅಂಚಿನಲ್ಲಿ ಕಪ್ಪು ಗೋಪುರಗಳನ್ನು ಕಣ್ಣಾರೆ ಕಂಡೆ. ಮನೆಗೆ ಬಂದು ಟಿವಿ ಹಾಕಿದರೆ ಮಿಲ್ವಾಕಿ ಸುದ್ದಿ ಓದುತ್ತಿತ್ತು. ಅವತ್ತಿನ ಸಂತೋಷವನ್ನು ಯಾವ ಸ್ಟ್ರೀಮಿಂಗ್ ಚಂದಾವೂ ಕೊಟ್ಟಿಲ್ಲ.

ನವೆಂಬರ್‌ಗೆ ಎಲ್ಲ ತಿರುಗುಮುರುಗು. ನೀರು ಬೆಚ್ಚಗೆ, ಗಾಳಿ ತಣ್ಣಗೆ. ಪದರ ಇರುವುದಿಲ್ಲ. 5 ಮತ್ತು 11 ಹೇಗೋ ಉಳಿಯುತ್ತವೆ, 32 ಮಧ್ಯಾಹ್ನ ಹೋಗಿ ರಾತ್ರಿ ಬರುತ್ತದೆ. ವರ್ಷಕ್ಕೆ ಮೂವತ್ತು-ನಲವತ್ತು ದಿನ ಹೀಗೆ ತೊಂದರೆ ಇರುತ್ತದೆ. ನೂರಕ್ಕೆ ನೂರು ಬೇಕು ಎನ್ನುವವರಿಗೆ ಇದು ಆಗುವುದಿಲ್ಲ.

ಯಾಕೆ ಇಷ್ಟೆಲ್ಲ ಎಂದು ಗೆಳೆಯರು ಕೇಳುತ್ತಾರೆ. ನಮ್ಮ ಹವೆ ಪಶ್ಚಿಮದಿಂದ ಬರುತ್ತದೆ. ಶಿಕಾಗೊದಲ್ಲಿ ಸಂಜೆ ಗುಡುಗಿದರೆ ಸ್ವಲ್ಪ ಹೊತ್ತಿಗೆ ನಮ್ಮ ಮನೆ ಮೇಲೆ. ಅವರ ಹವಾಮಾನ ಸುದ್ದಿ ನನಗೆ ಮುಂಗಡ ಸೂಚನೆ. ಅಲ್ಲಿನ ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೊರಡುವ ದಿನ ಬೆಳಿಗ್ಗೆ ರಸ್ತೆ, ಹಿಮ ಎಲ್ಲ 9ರಲ್ಲೇ ನೋಡಿಕೊಳ್ಳುತ್ತೇವೆ. ಶಿಕಾಗೊ ಸಮಯ ನಮಗಿಂತ ಒಂದು ಗಂಟೆ ಹಿಂದೆ. ಇಲ್ಲಿಯ ಆರು ಗಂಟೆ ಸುದ್ದಿ ತಪ್ಪಿದರೆ ಏಳಕ್ಕೆ ಅವರದ್ದು ಸಿಗುತ್ತದೆ. ಮಗಳು 11ರ ಪಿಬಿಎಸ್ (ಸಾರ್ವಜನಿಕ ಟಿವಿ) ನೋಡುತ್ತಲೇ ಓದಲು ಕಲಿತಳು. ತಿಂಗಳಿಗೆ ಒಂದು ಸೆಂಟ್ ಇಲ್ಲ.

ರಿಪೇರಿ ಲೆಕ್ಕ ಹೇಳಿಬಿಡುತ್ತೇನೆ. ಎರಡನೇ ಚಳಿಗಾಲದಲ್ಲಿ ಬಿರುಗಾಳಿಗೆ ಕ್ಲಾಂಪ್ ಜಾರಿ ಆಂಟೆನಾ ಉತ್ತರಕ್ಕೆ ತಿರುಗಿಕೊಂಡಿತ್ತು. ಕ್ಲಾಂಪ್ ಬದಲಿಸಿದ ಮೇಲೆ ಅಲ್ಲಾಡಿಲ್ಲ. ಜೊತೆಗೆ ಬಂದ ಬೋಲ್ಟ್‌ಗಳು ಮೂರೇ ವರ್ಷಕ್ಕೆ ತುಕ್ಕು. ಮೊದಲೇ ಸ್ಟೇನ್‌ಲೆಸ್ ಹಾಕಿಸಿ. ಒಮ್ಮೆ ಬಾಲನ್ (ಆಂಟೆನಾವನ್ನು ಕೇಬಲ್‌ಗೆ ಜೋಡಿಸುವ ಬಿಡಿಭಾಗ) ಒಳಗೆ ನೀರು ಹೋಗಿ ಮೇಲಿನ ಚಾನಲ್‌ಗಳು ಒಂದೊಂದಾಗಿ ಸತ್ತವು. ಹೊಸದು ಹಾಕಿ, ರಬ್ಬರ್ ಟೇಪ್ ಸುತ್ತಿ, ಕೇಬಲ್‌ಗೆ ನೀರಿಳಿಯುವ ಹಾಗೆ ಕೆಳಗೆ ಬಳುಕು ಕೊಟ್ಟೆ. ಕಂಬಕ್ಕೆ ದಪ್ಪ ತಾಮ್ರದ ತಂತಿಯಲ್ಲಿ ಅರ್ಥಿಂಗ್ ಕಡ್ಡಾಯ. ಇದರಲ್ಲಿ ಉಳಿತಾಯ ನೋಡಬೇಡಿ.

ಸ್ವಂತ ಮನೆ ಇದ್ದವರನ್ನು ಬಡಾವಣೆ ಸಂಘದವರು ಆಂಟೆನಾ ಬೇಡ ಎಂದು ತಡೆದರೆ, 1996ರಿಂದ ಇರುವ ಎಫ್‌ಸಿಸಿ (ಪ್ರಸಾರ ನಿಯಂತ್ರಿಸುವ ಅಮೆರಿಕದ ಸರಕಾರಿ ಸಂಸ್ಥೆ) ನಿಯಮ ತೋರಿಸಿ. ಟಿವಿ ಆಂಟೆನಾ ಹಾಕುವ ಹಕ್ಕು ಅದರಲ್ಲಿದೆ. ಚಾವಣಿಗಿಂತ 12 ಅಡಿ ಮೀರಿ ಕಂಬ ಹೋದರೆ ಮಾತ್ರ ಪರ್ಮಿಟ್ ಕೇಳಬಹುದು.

ಕೊಳ್ಳುವವರಿಗೆ ಇನ್ನೆರಡು ಮಾತು. ಹಳೆ ದಾಸ್ತಾನಿನ ಆಂಟೆನಾ ತೆಗೆದುಕೊಳ್ಳಬೇಡಿ. 2020ರ ಜುಲೈಗೆ ಚಾನಲ್‌ಗಳ ಮರುಹಂಚಿಕೆ ಮುಗಿದು ಟಿವಿಯ ಯುಎಚ್‌ಎಫ್ 14ರಿಂದ 36ಕ್ಕೆ ಕುಗ್ಗಿದೆ. 51 ಅಥವಾ 69ರವರೆಗೆ ಎಂದು ಅಳತೆ ಮಾಡಿದ ಹಳೆಯವು ಕೆಳಗಿನ ಚಾನಲ್‌ಗಳಲ್ಲಿ ಸೊರಗುತ್ತವೆ. ಮತ್ತೆ, ಜೂನ್‌ನ ಸೆಕೆಯ ಸಂಜೆ ಚಾನಲ್ ಸ್ಕ್ಯಾನ್ ಮಾಡಬೇಡಿ. ಪಟ್ಟಿಯಲ್ಲಿ ಮಿಲ್ವಾಕಿಯೆಲ್ಲ ತುಂಬಿಕೊಂಡು, ಮರುದಿನ ಮನೆಯವರು ಖಾಲಿ ಪರದೆ ಒತ್ತುತ್ತ ಕೂರುತ್ತಾರೆ. ಮೋಡ ಮುಸುಕಿದ ಅಕ್ಟೋಬರ್ ಮಧ್ಯಾಹ್ನ ಸ್ಕ್ಯಾನ್ ಮಾಡಿ. ಆಗ ಸಿಕ್ಕಿದ್ದೇ ವರ್ಷವಿಡೀ ನಿಲ್ಲುವ ಚಾನಲ್.