ನಾಯಿಯ ಚಿಗಟದ ಔಷಧಿ ಬೆಕ್ಕಿಗೆ ಬೇಡ, ಅರ್ಧ ಟ್ಯೂಬೂ ಬೇಡ

ಬೆಕ್ಕು ಸಾಕಿರುವವರು ದಯವಿಟ್ಟು ಇದನ್ನು ಓದಿ. ಪೆಟ್ ಶಾಪ್‌ನಲ್ಲಿ ಚಿಗಟಕ್ಕೆ ಅಂತ ಬಿಡಿಯಾಗಿ ಕೊಡುವ ಪುಟ್ಟ ಪ್ಲಾಸ್ಟಿಕ್ ಟ್ಯೂಬನ್ನು ಅದರ ಡಬ್ಬಿ ನೋಡದೆ ತರಬೇಡಿ.

ಮೈಸೂರಿನಲ್ಲಿರುವ ನಮ್ಮ ಅಕ್ಕನ ಬೆಕ್ಕಿಗೆ ಈ ಮಳೆಗಾಲದಲ್ಲಿ ಚಿಗಟ ಜಾಸ್ತಿಯಾಗಿತ್ತು. ಅಂಗಡಿಗೆ ಹೋಗಿ, ಬೆಕ್ಕಿಗೆ ಅಂತಲೇ ಹೇಳಿ ಔಷಧಿ ಕೇಳಿದ್ದಾಳೆ. ಅಂಗಡಿಯವನು ಒಂದು ಪ್ಯಾಕ್ ಒಡೆದು ಟ್ಯೂಬ್ ಕೈಗಿಟ್ಟ. "ನಾಯಿದೂ ಬೆಕ್ಕಿಂದೂ ಎಲ್ಲಾ ಒಂದೇ ಮೇಡಂ. ಬೆಕ್ಕು ಸಣ್ಣದಲ್ವಾ, ಅರ್ಧ ಹಾಕಿ ಸಾಕು" ಅಂದನಂತೆ. ಯಾವ ಪ್ರಾಣಿಗೆ, ಎಷ್ಟು ಕೆಜಿ ತೂಕಕ್ಕೆ ಅನ್ನುವುದೆಲ್ಲ ಇದ್ದದ್ದು ಡಬ್ಬಿಯ ಮೇಲೆ. ಆ ಡಬ್ಬಿ ಅಂಗಡಿಯಲ್ಲೇ ಉಳಿಯಿತು.

ಸಂಜೆ ಕತ್ತಿನ ಹಿಂದೆ ಹಾಕಿದಳು. ರಾತ್ರಿ ಊಟದ ಹೊತ್ತಿಗೆ ಬೆಕ್ಕಿನ ಕಿವಿ ಪಟಪಟ ಅದುರಲು ಶುರುವಾಯಿತು. ಔಷಧಿ ಹಸಿ ಇದೆ, ಅದಕ್ಕೇ ಇರಬೇಕು ಅಂದುಕೊಂಡರು. ಆಮೇಲೆ ಬೆನ್ನಿನ ಚರ್ಮ ಅಲೆ ಅಲೆಯಾಗಿ ನಡುಗತೊಡಗಿತು. ಮುಂಗಾಲು ಒದರುತ್ತಿತ್ತು, ಗದ್ದ ಪೂರ್ತಿ ಜೊಲ್ಲು. ನಾನು ಅವಳ ಮನೆ ಮುಟ್ಟುವಷ್ಟರಲ್ಲಿ ಮೈಯೆಲ್ಲಾ ಸೆಟೆದು ಫಿಟ್ಸ್ ಬಂದಿತ್ತು. ಪಕ್ಕದ ಮನೆಯವರು ಪಾಪ, ಒಳ್ಳೇ ಮನಸ್ಸಿನಿಂದಲೇ, "ಚಳಿಜ್ವರ ಇರಬೇಕು, ಕಾಲು ಭಾಗ ಪ್ಯಾರಸಿಟಮಾಲ್ ಕೊಡಿ" ಅಂತ ಮಾತ್ರೆ ಹಿಡಿದು ಬಂದಿದ್ದರು. ಸದ್ಯ, ಬಾಯಿ ಕಚ್ಚಿಕೊಂಡಿದ್ದರಿಂದ ಕೊಡಲು ಆಗಲಿಲ್ಲ. ಬೆಕ್ಕಿಗೆ ಅದೂ ವಿಷವೇ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಏನ್ ಹಾಕಿದ್ರಮ್ಮಾ? ಅದರ ಕವರ್ ಇದೆಯಾ?" ಕಸದ ಬುಟ್ಟಿಯಿಂದ ಹೆಕ್ಕಿ ತಂದಿದ್ದ ಖಾಲಿ ಟ್ಯೂಬ್ ತೋರಿಸಿದೆವು. ಮೊಬೈಲ್ ಟಾರ್ಚ್ ಹಾಕಿ, ಕಣ್ಣು ಕಿರಿದು ಮಾಡಿ ಓದಿದರು. ಪರ್ಮೆಥ್ರಿನ್.

ನಾಯಿಗೆ ಇದು ಒಗ್ಗುತ್ತದೆ. ನಾಯಿಯ ಲಿವರ್ ಅದನ್ನು ಬೇಗ ಒಡೆದು ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರ್‌ಗೆ ಆ ಶಕ್ತಿ ತುಂಬಾ ಕಮ್ಮಿ. ವಿಷ ಮೈಯಲ್ಲೇ ಉಳಿದು ನರಗಳನ್ನು ಹಿಡಿಯುತ್ತದೆ. ಮನುಷ್ಯರ ಕಜ್ಜಿಗೆ ಹಚ್ಚುವ ಕ್ರೀಮಿನಲ್ಲಿ ಪರ್ಮೆಥ್ರಿನ್ ಇರುವುದು ನೂರಕ್ಕೆ 5 ಪಾಲು. ನಾಯಿಯ ಕೆಲವು ಟ್ಯೂಬ್‌ಗಳಲ್ಲಿ 50ರ ಹತ್ತಿರ ಇರುತ್ತದೆ. ಇನ್ನು ಅರ್ಧ ಹಾಕಿದರೇನು, ಪೂರ್ತಿ ಹಾಕಿದರೇನು? ಎಮ್ಮೆ ದನಗಳ ಉಣ್ಣೆಗೆ ತರುವ ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಕೂಡ ಇದೇ ಜಾತಿ. ಹಳ್ಳಿ ಕಡೆ ಅದನ್ನೇ ನೀರಿಗೆ ಬೆರೆಸಿ ಬೆಕ್ಕಿಗೂ ಸವರುವವರಿದ್ದಾರೆ, ಹೇಳಿ ಅವರಿಗೆ.

ಇದಕ್ಕೆ ಪ್ರತಿವಿಷ ಅಂತ ಇಲ್ಲ. ಮೊದಲು ಫಿಟ್ಸ್ ನಿಲ್ಲಿಸಲು ಇಂಜೆಕ್ಷನ್, ಡ್ರಿಪ್. ಅದು ಹತೋಟಿಗೆ ಬಂದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರು ಬೆಚ್ಚಗಿನ ನೀರಿನಲ್ಲಿ ಕೂದಲು ತೊಳೆದರು. ಬಿಸಿ ನೀರಾದರೆ ವಿಷ ಇನ್ನೂ ಬೇಗ ಒಳಗಿಳಿಯುತ್ತದಂತೆ, ತಣ್ಣೀರಾದರೆ ಮೈ ತಣ್ಣಗಾಗಿ ನಡುಕ ಹೆಚ್ಚುತ್ತದಂತೆ. ಸಾಮಾನ್ಯವಾಗಿ ಎರಡು ಮೂರು ದಿನ ಅಡ್ಮಿಟ್ ಮಾಡಿ ನೋಡಿಕೊಳ್ಳಬೇಕಾಗುತ್ತದೆ ಅಂದರು. ಅಕ್ಕನ ಬೆಕ್ಕು ಬದುಕಿತು. ಬಿಲ್ಲು ಮಾತ್ರ ಕೇಳಬೇಡಿ.

ಅಂಗಡಿಗೆ ಹೋಗಿ ಕೇಳಿದ್ದಕ್ಕೆ ಬಂದ ಉತ್ತರ: "ಎಷ್ಟೋ ಜನ ತಗೊಂಡು ಹೋಗ್ತಾರೆ, ನಿಮ್ಮೊಬ್ಬರದೇ ಕಂಪ್ಲೇಂಟು." ಬಿಲ್ ಕೊಟ್ಟಿರಲಿಲ್ಲ, ಹಾಗಾಗಿ ಜಗಳ ಅಲ್ಲಿಗೇ ನಿಂತಿತು. ನೀವು ಬಿಲ್ ಕೇಳಿ ತಗೊಳ್ಳಿ.

ಬೆಕ್ಕಿಗೆ ಅಂತಲೇ ಬರುವ ಫಿಪ್ರೊನಿಲ್ ಟ್ಯೂಬ್‌ಗಳಿವೆ. ಡಬ್ಬಿಯ ಮೇಲೆ ಬೆಕ್ಕಿನ ಚಿತ್ರ ಇದೆಯಾ, ಪರ್ಮೆಥ್ರಿನ್ ಬೆರೆಸಿಲ್ಲ ತಾನೇ ಅಂತ ನೋಡಿ. ಫಿಪ್ರೊನಿಲ್ ಜೊತೆಗೇ ಪರ್ಮೆಥ್ರಿನ್ ಸೇರಿಸಿದ ನಾಯಿಯ ಔಷಧಿಗಳೂ ಇವೆ, ಮೋಸ ಹೋಗುವುದು ಅಲ್ಲೇ. ಮರಿ ಬೆಕ್ಕಾದರೆ ಡಾಕ್ಟರನ್ನು ಕೇಳದೆ ಏನೂ ಬೇಡ. ಅನ್ನಕ್ಕೆ ಬೆಳ್ಳುಳ್ಳಿ ಬೆರೆಸಿ ಹಾಕಿದರೆ ಚಿಗಟ ಹೋಗುತ್ತೆ ಅನ್ನುವವರ ಮಾತು ಕೇಳಲೇಬೇಡಿ. ಬೆಳ್ಳುಳ್ಳಿ, ಈರುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತವೆ.

ಮನೆಯಲ್ಲಿ ನಾಯಿ ಬೆಕ್ಕು ಎರಡೂ ಇದ್ದು, ಒಟ್ಟಿಗೆ ಮಲಗುವ ಅಭ್ಯಾಸ ಇದ್ದರೆ, ನಾಯಿಗೂ ಪರ್ಮೆಥ್ರಿನ್ ಇಲ್ಲದ ಔಷಧಿಯನ್ನೇ ಬರೆದುಕೊಡಲು ಡಾಕ್ಟರಿಗೆ ಹೇಳಿ. ನಾಯಿಯ ಬೆನ್ನು ನೆಕ್ಕಿಯೂ ಬೆಕ್ಕಿಗೆ ವಿಷ ಏರುತ್ತದೆ.